ಮೊದಲ ಗ್ರಾಹಕ ಬೇಕೆ? ಮೊದಲು ಉತ್ತರ ಕೊಡಿ

ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿನಿಂದ ನನ್ನನ್ನು ಹೊರಹಾಕಿದ್ದು ನಾನು ಸೇರಿದ 11ನೇ ನಿಮಿಷಕ್ಕೆ. ಏಳುನೂರಕ್ಕೂ ಹೆಚ್ಚು ಮಂದಿ ಇದ್ದ ಗುಂಪು ಅದು. ಒಳಗೆ ಹೋದವಳೇ ನಾವು ಮೂವರು ಗೆಳೆಯರು ರಾತ್ರಿಯೆಲ್ಲ ಕೂತು ಮಾಡಿದ್ದ ಬಣ್ಣದ ಪೋಸ್ಟರ್ ಹಾಕಿದೆ. ‘ಐಒಟಿ ಆಧಾರಿತ ಸ್ಮಾರ್ಟ್ ಮಳೆ ಮುನ್ನೆಚ್ಚರಿಕೆ ವ್ಯವಸ್ಥೆ, ಮೊದಲ 50 ಮಂದಿಗೆ ಶೇ 20 ರಿಯಾಯಿತಿ’ ಎಂದು ಅದರಲ್ಲಿತ್ತು. ಅಡ್ಮಿನ್ ಬರೆದದ್ದು ಒಂದೇ ಸಾಲು: ‘ಇದು ಕೃಷಿ ಚರ್ಚೆಯ ಗುಂಪು, ಅಂಗಡಿ ಅಲ್ಲ.’ ಮರುಕ್ಷಣ ನಾನು ಹೊರಗಿದ್ದೆ.

ಆಗ ಸಿಟ್ಟು ಬಂದಿತ್ತು. ಒಳ್ಳೆಯ ವಸ್ತು ತಂದರೂ ಇವರಿಗೆ ಬೇಡವಲ್ಲ ಅಂದುಕೊಂಡಿದ್ದೆ. ಇವತ್ತು ಆ ಅಡ್ಮಿನ್ ಮಾಡಿದ್ದು ಸರಿ ಅನ್ನಿಸುತ್ತದೆ. ಹಾಗೆ ಅನ್ನಿಸಲು ಒಂದು ವರ್ಷ ಹಿಡಿಯಿತು. ನನ್ನ ಹಾಗೆ ಕಾಲೇಜಿನಲ್ಲಿದ್ದುಕೊಂಡೇ ಏನಾದರೂ ಸ್ಟಾರ್ಟ್‌ಅಪ್ ಮಾಡಬೇಕೆಂದು ಹೊರಟವರಿಗೆ ಆ ಒಂದು ವರ್ಷದ ಕತೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಪುತ್ತೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ 40–45 ದಿನ ಬಿಸಿಲಿಗೆ ಒಣಗಿಸಿ ಚಾಲಿ ಮಾಡುತ್ತಾರೆ. ನಡುವೆ ಅಕಾಲದಲ್ಲಿ ಒಂದು ಮಳೆ ಬಿದ್ದು ಅಡಿಕೆ ನೆನೆದರೆ ಬೂಸ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ದರ ಇಳಿಯುತ್ತದೆ. ಮೊದಲ ಹನಿ ಬೀಳುವಾಗಲೇ ಗೊತ್ತಾದರೆ ಓಡಿಹೋಗಿ ಟಾರ್ಪಾಲು ಎಳೆಯಬಹುದು. ಮನೆಯವರು ತೋಟದಲ್ಲೋ ಹಟ್ಟಿಯಲ್ಲೋ ಇದ್ದರೆ ಗೊತ್ತಾಗುವುದಿಲ್ಲ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡದ್ದು ಇದನ್ನೇ. ಹನಿ ಬಿದ್ದರೆ ಗುರುತಿಸುವ ಒಂದು ಪ್ಲೇಟು, ಒಂದು ಆರ್ಡುಯಿನೊ, ಒಂದು ಸಿಮ್ ಕಾರ್ಡ್, ಮೊಬೈಲಿಗೆ ಸಂದೇಶ ಕಳಿಸುವ ಒಂದು ಆ್ಯಪ್. ಕಾಲೇಜಿನ ಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು. ‘ಇದನ್ನು ಸ್ಟಾರ್ಟ್‌ಅಪ್ ಮಾಡಿ’ ಎಂದು ಸರ್ ಬೆನ್ನು ತಟ್ಟಿದರು.

ಮಾಡಿ ಅಂದರು, ಆದರೆ ಯಾರಿಗೆ ಮಾರುವುದು ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ. ನಮ್ಮ ಕಾಲೇಜುಗಳಲ್ಲಿ ಸ್ಟಾರ್ಟ್‌ಅಪ್ ಎಂದರೆ ಹತ್ತು ಸ್ಲೈಡ್‌ಗಳ ಪಿಚ್. ಮಾರುಕಟ್ಟೆ ಎಷ್ಟು ಕೋಟಿಯದ್ದು, ಅದರಲ್ಲಿ ಶೇ 1ರಷ್ಟು ಸಿಕ್ಕರೆ ನಮಗೆಷ್ಟು ಎಂಬ ಲೆಕ್ಕ ಅದರಲ್ಲಿ ಇರುತ್ತದೆ. ಆ ಶೇ 1ರಲ್ಲಿ ಮೊದಲನೆಯವರು ಯಾರು, ಅವರ ಮನೆ ಎಲ್ಲಿ, ಅವರು ಏನೆಂದು ಕೇಳುತ್ತಾರೆ ಎಂಬುದಕ್ಕೆ ಸ್ಲೈಡ್ ಇರುವುದಿಲ್ಲ.

ಗುಂಪಿನಿಂದ ಹೊರಬಿದ್ದ ಮೇಲೆ, ದೊಡ್ಡ ಕಂಪನಿಗಳಿಗೆ ಮೊದಲ ಗ್ರಾಹಕ ಹೇಗೆ ಸಿಕ್ಕಿದ ಎಂದು ಓದತೊಡಗಿದೆ. ಫ್ಲಿಪ್‌ಕಾರ್ಟ್‌ನ ಕತೆ ನನ್ನನ್ನು ತಡೆದು ನಿಲ್ಲಿಸಿತು. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಬೆಂಗಳೂರಿನ ಕೋರಮಂಗಲದಲ್ಲಿ ಅದನ್ನು ಶುರು ಮಾಡಿದಾಗ ಅದು ಬರೀ ಪುಸ್ತಕ ಮಾರುವ ವೆಬ್‌ಸೈಟ್. ಮೊದಲ ಗ್ರಾಹಕ ಸಿಕ್ಕಿದ್ದು ಆಗಿನ ಆಂಧ್ರಪ್ರದೇಶದ ಮೆಹಬೂಬ್‌ನಗರದಲ್ಲಿ. ಅವರು ಅಂತರ್ಜಾಲದಲ್ಲಿ ಬರೆಯುತ್ತಿದ್ದವರು. ಅವರ ಬರಹದ ಕೆಳಗೆ ಸಚಿನ್ ಒಂದು ಪ್ರತಿಕ್ರಿಯೆ ಹಾಕಿದ್ದರು. ಯಾರಪ್ಪಾ ಇದು ಎಂದು ಆ ಜಾಡು ಹಿಡಿದು ಹೋದವರು ಜಾನ್ ವುಡ್ ಅವರ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದ ವರ್ಲ್ಡ್’ ಪುಸ್ತಕಕ್ಕೆ ಆರ್ಡರ್ ಕೊಟ್ಟರು. ಆ ಪುಸ್ತಕ ಸುಲಭಕ್ಕೆ ಸಿಗಲಿಲ್ಲ. ಬೆಂಗಳೂರಿನ ಪುಸ್ತಕದಂಗಡಿಗಳನ್ನು ಅಲೆದು ಹುಡುಕಿ ಕಳಿಸಿದರು. ಆ ದಿನಗಳಲ್ಲಿ ಅವರು ಪುಸ್ತಕದಂಗಡಿಯ ಹೊರಗೆ ನಿಂತು, ಬಂದವರ ಕೈಗೆ ಬುಕ್‌ಮಾರ್ಕ್ ಹಂಚಿದ್ದೂ ಉಂಟು. ಅದೇ ಕಂಪನಿಯ ಶೇ 77ರಷ್ಟು ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಈ ಕತೆಯಲ್ಲಿ ನಾನು ಗಮನಿಸಿದ್ದು ಸಾವಿರಾರು ಕೋಟಿಯನ್ನಲ್ಲ. ಅವರು ಪುಸ್ತಕ ಓದುವವರು ಎಲ್ಲಿರುತ್ತಾರೋ ಅಲ್ಲಿಗೇ ಹೋಗಿದ್ದರು. ನಾನೂ ಅಡಿಕೆ ಬೆಳೆಯುವವರು ಇದ್ದಲ್ಲಿಗೇ ಹೋಗಿದ್ದೆ. ಆದರೆ ನಾನು ಮೈಕ್ ಹಿಡಿದುಕೊಂಡು ಹೋಗಿದ್ದೆ. ಊರಿನ ಕಟ್ಟೆಯಲ್ಲಿ ನಾಲ್ಕು ಜನ ಕೂತು ಮಾತಾಡುವಾಗ ಯಾರಾದರೂ ನಡುವೆ ನುಗ್ಗಿ ‘ಬನ್ನಿ ಬನ್ನಿ, ರಿಯಾಯಿತಿ’ ಎಂದು ಕೂಗಿದರೆ ಏನಾಗುತ್ತದೆ? ಅದೇ ಆಗಿತ್ತು.

ಎರಡನೇ ಸಲ ಗುಂಪಿಗೆ ಸೇರಿದ್ದು ಚಿಕ್ಕಪ್ಪನ ಶಿಫಾರಸಿನಿಂದ. ‘ನಮ್ಮ ಅಣ್ಣನ ಮಗಳು, ಇಂಜಿನಿಯರಿಂಗ್ ಓದುತ್ತಾಳೆ, ಇನ್ನು ಪೋಸ್ಟರ್ ಹಾಕುವುದಿಲ್ಲ’ ಎಂದು ಅಡ್ಮಿನ್‌ಗೆ ಮಾತು ಕೊಟ್ಟು ಸೇರಿಸಿದರು. ಈ ಸಲ ಮೂರು ವಾರ ಒಂದಕ್ಷರ ಬರೆಯದೆ ಓದಿದೆ. ಚಿಕ್ಕಪ್ಪನ ಫೋನಿನಲ್ಲಿ ಹಳೆಯ ಸಂದೇಶಗಳೆಲ್ಲ ಇದ್ದವು. ಅದರಲ್ಲಿ ‘ಮಳೆ’, ‘ಅಂಗಳ’, ‘ಟಾರ್ಪಾಲು’ ಎಂದು ಹುಡುಕಿ ಓದಿದೆ. ಆಗ ಗೊತ್ತಾಯಿತು, ನಮ್ಮ ಪೋಸ್ಟರಿನ ಒಂದು ಪದವೂ ಅಲ್ಲಿನವರ ಬಾಯಲ್ಲಿ ಇರಲಿಲ್ಲ. ‘ಐಒಟಿ’ ಎಂದು ಯಾರೂ ಅನ್ನುತ್ತಿರಲಿಲ್ಲ. ‘ಮುನ್ನೆಚ್ಚರಿಕೆ’ ಎಂಬುದಂತೂ ಸುಳ್ಳೇ ಆಗಿತ್ತು. ನಮ್ಮ ಯಂತ್ರ ಹನಿ ಬಿದ್ದ ಮೇಲೆ ಹೇಳುತ್ತದೆಯೇ ಹೊರತು ಮಳೆ ಬರುವುದಕ್ಕೆ ಮೊದಲಲ್ಲ. ತೋಟದ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ ಎಂಬ ದೂರು ವಾರಕ್ಕೆರಡು ಸಲ ಬರುತ್ತಿತ್ತು. ಅಂಥ ಕಡೆ ನಮ್ಮ ಆ್ಯಪ್‌ಗೆ ಏನು ಕೆಲಸ?

ಆಮೇಲೆ ನನಗೆ ಗೊತ್ತಿದ್ದ ಪ್ರಶ್ನೆಗಳಿಗೆ ಉತ್ತರ ಬರೆಯತೊಡಗಿದೆ. ಇನ್ವರ್ಟರ್ ಬ್ಯಾಟರಿಗೆ ಯಾವ ನೀರು ಹಾಕಬೇಕು, ಪಂಪಿನ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುವುದು ಏಕೆ, ಸಿಡಿಲಿಗೆ ರೂಟರ್ ಸುಟ್ಟು ಹೋಗದಂತೆ ಏನು ಮಾಡಬಹುದು ಎಂಬಂಥವು. ಗೊತ್ತಿಲ್ಲದ್ದನ್ನು ಲ್ಯಾಬಿನ ಸರ್ ಬಳಿ ಕೇಳಿ ಬರೆಯುತ್ತಿದ್ದೆ. ನಮ್ಮ ಸೈರನ್ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಡಿಸೆಂಬರ್ ಕೊನೆಗೆ ಬೆಳ್ಳಾರೆ ಕಡೆಯ ಒಬ್ಬರು ಅಕ್ಕ ಗುಂಪಿನಲ್ಲಿ ಬರೆದರು: ‘ಹಟ್ಟಿಯಲ್ಲಿದ್ದಾಗ ಮಳೆ ಬಂದರೆ ಗೊತ್ತೇ ಆಗುವುದಿಲ್ಲ. ಏನಾದರೂ ಉಪಾಯ ಉಂಟಾ?’ ಆಗ ಬರೆದೆ: ‘ನಾವು ಕಾಲೇಜಿನವರು ಒಂದು ಮಾಡಿದ್ದೇವೆ. ನಾನೇ ಮಾಡಿದ್ದು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ನಂಬಿ. ಬೇಕಾದರೆ ತಂದು ತೋರಿಸುತ್ತೇನೆ.’ ಭಾನುವಾರ ಬಸ್ಸಿನಲ್ಲಿ ಹೋದೆವು. ಆ್ಯಪ್ ತೋರಿಸಿದಾಗ ಅವರು ನಕ್ಕರು. ‘ಫೋನ್ ನೋಡಲಿಕ್ಕೆ ಎಲ್ಲಿ ಪುರುಸೊತ್ತು ಮಾರಾಯ್ತಿ? ದೊಡ್ಡದಾಗಿ ಕೂಗಿದರೆ ಸಾಕು.’ ಸಿಮ್ ಕಾರ್ಡ್ ತೆಗೆದೆವು, ಆ್ಯಪ್ ಬಿಟ್ಟೆವು, ಒಂದು ಸೈರನ್ನೂ ಬ್ಯಾಟರಿಯೂ ಹಾಕಿದೆವು. 4,500 ರೂಪಾಯಿಯ ಯಂತ್ರ 1,800ಕ್ಕೆ ಇಳಿಯಿತು. ನಮ್ಮ ಮೊದಲ ಗ್ರಾಹಕಿ ಅವರು. ನಾಲ್ಕು ತಿಂಗಳು ಬೆವರು ಸುರಿಸಿ ಬರೆದ ಆ್ಯಪ್ ಬೇಡವೆಂದು ನಮಗೆ ತಿಳಿದದ್ದು ಅವರ ಅಂಗಳದಲ್ಲಿ, ಐದು ನಿಮಿಷದಲ್ಲಿ.

ಇಲ್ಲಿಗೆ ನಿಲ್ಲಿಸಿದರೆ ಚಂದದ ಯಶೋಗಾಥೆ ಆಗುತ್ತದೆ. ಆದರೆ ಮುಂದೆ ನಾನೊಂದು ತಪ್ಪು ಮಾಡಿದೆ.

ಮೂರು ವಾರ ಕಳೆದರೂ ಎರಡನೇ ಗ್ರಾಹಕ ಸಿಗಲಿಲ್ಲ. ಅಡಿಕೆ ಒಣಗಿಸುವ ಕಾಲ ಮುಗಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ‘ಹೀಗೆ ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದರೆ ನಾವು ಪಾಸಾಗಿ ಹೋಗುತ್ತೇವೆ ಅಷ್ಟೆ’ ಎಂದ ತಂಡದ ಗೆಳೆಯ. ರೆಡಿಟ್ ಶುರುವಾದಾಗ ಅದನ್ನು ಕಟ್ಟಿದವರೇ ಸುಳ್ಳು ಹೆಸರುಗಳಲ್ಲಿ ಬರೆದು ಜನ ತುಂಬಿರುವಂತೆ ತೋರಿಸಿದ್ದರು, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ ಎಂದು ನೆನಪಿಸಿದ. ಅದು ನಿಜವೇ. ಅವನ ಬಳಿ ಇನ್ನೊಂದು ಸಿಮ್ ಇತ್ತು. ಆ ನಂಬರು ಒಬ್ಬ ಬೆಳೆಗಾರರ ಹೆಸರಿನಲ್ಲಿ ಗುಂಪಿಗೆ ಸೇರಿತು. ಅದರಿಂದ ಹೋದ ಸಂದೇಶವನ್ನು ಬರೆದವಳು ನಾನು: ‘ನಮ್ಮಲ್ಲಿ ಈ ಸೈರನ್ ಎರಡು ತಿಂಗಳಿಂದ ಉಂಟು. ಒಂದು ಸಲವೂ ಕೈಕೊಟ್ಟಿಲ್ಲ.’ ಆಗ ನಮ್ಮ ಯಂತ್ರ ಪ್ರಪಂಚದಲ್ಲಿ ಎಲ್ಲಿಯೂ ಎರಡು ತಿಂಗಳು ಅಂಗಳದಲ್ಲಿ ಇದ್ದಿರಲಿಲ್ಲ.

ಒಂದೇ ವಾರದಲ್ಲಿ ನಾಲ್ಕು ಆರ್ಡರ್ ಬಂತು. ಕ್ಯಾಂಟೀನಿನಲ್ಲಿ ಮೂವರೂ ಸಂಭ್ರಮಪಟ್ಟೆವು.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಹಠಾತ್ತನೆ ಮಳೆ ಬಂತು. ಆ ನಾಲ್ವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಸಂಜೆ ಅವರ ಫೋನ್ ಬಂತು. ಬೈಯಲಿಲ್ಲ. ‘ಮಳೆ ಬಂತು ಮಗಳೇ, ನಿಮ್ಮ ಸೈರನ್ ಕೂಗಲಿಲ್ಲ. ಒಂದು ಅಂಗಳ ಅಡಿಕೆ ನೆನೆಯಿತು. ಬಿಚ್ಚಿ ನೋಡಿದರೆ ಪ್ಲೇಟು ಕಪ್ಪಾಗಿದೆ’ ಎಂದರು. ಆಮೇಲೆ ಕೇಳಿದರು: ‘ಎರಡು ತಿಂಗಳಿಂದ ಉಂಟು ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರಲ್ಲ, ಆ ನಂಬರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್ ಬರುತ್ತದೆ. ನಿನಗೆ ಅವರ ಪರಿಚಯ ಇರಬಹುದು. ಅವರ ಪ್ಲೇಟು ಕಪ್ಪಾಗದಂತೆ ಏನು ಮಾಡಿದ್ದಾರೆ ಅಂತ ಕೇಳಬೇಕಿತ್ತು.’

ನನ್ನ ಬಾಯಿ ಕಟ್ಟಿಹೋಯಿತು. ‘ನಾಳೆ ಬರುತ್ತೇನೆ ಸರ್’ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಪ್ಲೇಟು ಕಪ್ಪಾಗಲು ಕಾರಣ ಸರಳ. ನಾವು ಅದಕ್ಕೆ ದಿನದ 24 ಗಂಟೆಯೂ ಡಿಸಿ ವಿದ್ಯುತ್ ಹರಿಸುತ್ತಿದ್ದೆವು. ಇಬ್ಬನಿಯ ತೇವ ತಾಗಿದಾಗಲೆಲ್ಲ ಸಣ್ಣಗೆ ಎಲೆಕ್ಟ್ರೋಲಿಸಿಸ್ ನಡೆದು ಪ್ಲೇಟಿನ ಲೋಹ ಸವೆದು ಹೋಗುತ್ತದೆ. ಪಿಯುಸಿ ರಸಾಯನಶಾಸ್ತ್ರದ ಪಾಠ ಇದು. ಎರಡು ತಿಂಗಳು ನಿಜವಾಗಿಯೂ ಅಂಗಳದಲ್ಲಿಟ್ಟು ನೋಡಿದ್ದರೆ ನಮಗೇ ಕಾಣುತ್ತಿತ್ತು. ಆ ಎರಡು ತಿಂಗಳನ್ನು ನಾವು ಒಂದು ಸುಳ್ಳು ಸಂದೇಶದಿಂದ ದಾಟಿಬಿಟ್ಟಿದ್ದೆವು. ನಮ್ಮ ಸುಳ್ಳಿನಿಂದ ಮೋಸ ಹೋದವರು ಮೇಷ್ಟ್ರು ಮಾತ್ರ ಎಂದುಕೊಂಡಿದ್ದೆ. ಮೋಸ ನಮಗೂ ಆಗಿತ್ತು.

ಮಾರನೇ ದಿನ ಹೋಗಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, ‘ನನಗೆ ಹೇಳಿದರೆ ಸಾಲದು. ಗುಂಪಿನಲ್ಲಿ ಬರೆದದ್ದನ್ನು ಗುಂಪಿನಲ್ಲೇ ಹೇಳಬೇಕು’ ಎಂದರು. ಅಲ್ಲೇ ಜಗಲಿಯಲ್ಲಿ ಕೂತು ಬರೆದೆ. ಕಳಿಸುವ ಗುಂಡಿ ಒತ್ತಲು ಹದಿನೈದು ನಿಮಿಷ ಬೇಕಾಯಿತು. ಕೆಲವರು ಕಟುವಾಗಿಯೇ ಬರೆದರು. ಚಿಕ್ಕಪ್ಪ ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಮಾತು ಕೊಟ್ಟವರು ಅವರಲ್ಲವೇ? ಅಡ್ಮಿನ್ ಮಾತ್ರ ‘ಇರು, ಆದರೆ ಒಂದು ತಿಂಗಳು ಬರೆಯಬೇಡ’ ಎಂದರು. ನಾಲ್ವರಿಗೂ ಸೇರಿ 7,200 ರೂಪಾಯಿ ವಾಪಸ್ ಕೊಟ್ಟೆವು. ನೆನೆದ ಅಡಿಕೆಯ ನಷ್ಟ ತುಂಬಿಕೊಡುವ ಶಕ್ತಿ ನಮಗಿರಲಿಲ್ಲ, ಮೇಷ್ಟ್ರು ಕೇಳಲೂ ಇಲ್ಲ. ಆ ಸಾಲ ಹಾಗೇ ಉಳಿದಿದೆ.

ನಮ್ಮ ಗೆಳೆಯ ಹೇಳಿದ ರೆಡಿಟ್ ಮಾತಿಗೆ ಈಗ ನನ್ನಲ್ಲಿ ಉತ್ತರವಿದೆ. ಖಾಲಿ ಜಗುಲಿಯಲ್ಲಿ ನಾಲ್ಕು ಕುರ್ಚಿ ಹೆಚ್ಚು ಹಾಕುವುದು ಬೇರೆ. ಒಬ್ಬರ ವರ್ಷದ ದುಡಿಮೆ ನಿಂತಿರುವ ವಸ್ತುವಿಗೆ ಸುಳ್ಳು ಸಾಕ್ಷಿ ಹೇಳುವುದು ಬೇರೆ. ಸುಳ್ಳು ವಿಮರ್ಶೆಗಳು ಎಷ್ಟು ದೊಡ್ಡ ಪಿಡುಗಾಗಿವೆಯೆಂದರೆ, ಆನ್‌ಲೈನ್ ಗ್ರಾಹಕ ವಿಮರ್ಶೆಗಳು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ಹೊರಡಿಸಬೇಕಾಯಿತು. ಅದರ ಪಾಲನೆ ಸ್ವಯಂಪ್ರೇರಿತ. ಅಂದರೆ ಕೊನೆಗೂ ಕಾಯಬೇಕಾದವರು ನಾವೇ.

ನಮ್ಮ ಊರಿನ ಮಟ್ಟಿಗೆ ಇದು ಹೊಸ ಪಾಠವೂ ಅಲ್ಲ. ಪುತ್ತೂರಿನಿಂದ 1988ರಿಂದ ‘ಅಡಿಕೆ ಪತ್ರಿಕೆ’ ಬರುತ್ತಿದೆ. ಅದರ ಹಳೆಯ ಸಂಚಿಕೆಗಳು ನಮ್ಮ ಅಟ್ಟದಲ್ಲಿವೆ. ಕೃಷಿಕರೇ ಕೃಷಿಕರಿಗಾಗಿ, ತಾವು ಮಾಡಿ ನೋಡಿದ್ದನ್ನು ಬರೆಯುತ್ತಾರೆ. ‘ನಮ್ಮಲ್ಲಿ ಉಂಟು, ಮಾಡಿ ನೋಡಿದ್ದೇವೆ’ ಎಂಬ ಮಾತಿಗೆ ನಮ್ಮ ಕಡೆ ಅಷ್ಟು ಬೆಲೆ ಬಂದಿರುವುದು ಇಂಥ ಹತ್ತಾರು ವರ್ಷಗಳ ಬರವಣಿಗೆಯಿಂದ. ಅದನ್ನೇ ನಾನು ಒಂದು ಸಿಮ್ ಕಾರ್ಡಿಗೆ ಕದ್ದು ಹಾಕಿದ್ದೆ.

ಹಾಗಾದರೆ ಮಾತಿನ ಮೂಲಕ ಗ್ರಾಹಕರನ್ನು ಹುಡುಕುವುದೇ ತಪ್ಪೇ? ಖಂಡಿತ ಅಲ್ಲ. ನಮ್ಮಂಥವರಿಗೆ ಜಾಹೀರಾತಿಗೆ ಹಣವಿಲ್ಲ, ಅಂಗಡಿಯಿಲ್ಲ, ಹೆಸರಿಲ್ಲ. ಇರುವುದು ಸಮಯ ಮತ್ತು ಸ್ವಲ್ಪ ತಿಳಿವಳಿಕೆ. 2010ರಲ್ಲಿ ಬೆಂಗಳೂರಿನಲ್ಲಿ ಕಾಮತ್ ಸಹೋದರರು ಆರಂಭಿಸಿದ ಜೆರೋಧಾವನ್ನು ನೋಡಿ. ಜಾಹೀರಾತಿಗೆ ಹಣ ಸುರಿಯದೆ ಬೆಳೆದ ಕಂಪನಿ ಎಂದೇ ಅದು ಹೆಸರಾಗಿದೆ. ಷೇರು ಮಾರುಕಟ್ಟೆಯ ಪಾಠಗಳನ್ನು ‘ವಾರ್ಸಿಟಿ’ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡುತ್ತದೆ. ಹೂಡಿಕೆದಾರರು ಪ್ರಶ್ನೆ ಕೇಳಿ ಉತ್ತರ ಪಡೆಯಲೆಂದೇ ಒಂದು ಜಾಗ ನಡೆಸುತ್ತದೆ. ಕಲಿಸುವುದು ಮೊದಲು, ಮಾರುವುದು ಆಮೇಲೆ.

ನಾನು ಪೆಟ್ಟು ತಿಂದು ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಗುಂಪಿಗೆ ಹೋದರೆ ಮೊದಲು ಕೆಲವು ವಾರ ಓದಿ. ಜನ ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೋ ಆ ಮಾತನ್ನೇ ಬರೆದಿಟ್ಟುಕೊಳ್ಳಿ, ನಿಮ್ಮ ಯಂತ್ರದ ವಿವರಣೆಗೆ ಅದೇ ಸಾಕು. ನಿಮ್ಮ ವಸ್ತುವಿಗೆ ಸಂಬಂಧವಿಲ್ಲದ ಪ್ರಶ್ನೆಗೂ ಗೊತ್ತಿದ್ದರೆ ಉತ್ತರ ಕೊಡಿ. ನಿಮ್ಮ ವಸ್ತುವಿನ ಮಾತು ಬಂದಾಗ ‘ಇದನ್ನು ಮಾಡಿದವಳು ನಾನೇ’ ಎಂದು ಮೊದಲ ಸಾಲಿನಲ್ಲೇ ಹೇಳಿ, ಅದಕ್ಕೆ ಆಗದ್ದು ಏನೆಂಬುದನ್ನೂ ಹೇಳಿ. ‘ಮಾರುವ ಉದ್ದೇಶ ಇಟ್ಟುಕೊಂಡು ಸಹಾಯ ಮಾಡುವುದೂ ನಾಟಕವಲ್ಲವೇ’ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಉದ್ದೇಶ ಬಚ್ಚಿಟ್ಟರೆ ನಾಟಕ. ಅಂಗಡಿಯವನು ದಾರಿ ಹೇಳಿದರೆ ಅದನ್ನು ಯಾರೂ ನಾಟಕ ಅನ್ನುವುದಿಲ್ಲ, ಏಕೆಂದರೆ ಅವನು ಅಂಗಡಿಯವನೆಂದು ಎಲ್ಲರಿಗೂ ಗೊತ್ತು.

ಈ ದಾರಿಗೆ ಮಿತಿಯೂ ಇದೆ. ಸಾವಿರ ಜನರನ್ನು ಹೀಗೆ ಒಬ್ಬೊಬ್ಬರಾಗಿ ಮಾತಾಡಿಸಿ ತಲುಪಲು ಆಗದು. ಮೊದಲ ಹತ್ತು ಮಂದಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಆ ಹತ್ತು ಮಂದಿ ನಮ್ಮ ವಸ್ತುವನ್ನು ಕೊಳ್ಳುವುದಷ್ಟೇ ಅಲ್ಲ, ತಿದ್ದುತ್ತಾರೆ ಕೂಡ.

ಮೇಷ್ಟ್ರು ಹಣ ವಾಪಸ್ ತೆಗೆದುಕೊಂಡರು, ಯಂತ್ರ ವಾಪಸ್ ಕೊಡಲಿಲ್ಲ. ‘ಸರಿ ಮಾಡಿ ತಾ, ಅಂಗಳ ಇಲ್ಲೇ ಇದೆ’ ಎಂದರು. ಈಗ ನಮ್ಮ ಯಂತ್ರ ಪ್ಲೇಟಿಗೆ ಹತ್ತು ಸೆಕೆಂಡಿಗೊಮ್ಮೆ ಕ್ಷಣಮಾತ್ರ ವಿದ್ಯುತ್ ಹರಿಸಿ ನೋಡುತ್ತದೆ. ಲೇಪನದ ಪ್ಲೇಟಿನ ಬದಲು ಸ್ಟೀಲ್ ತಂತಿಗಳಿವೆ. ನಸುಕಿನ ಇಬ್ಬನಿಗೆ ಸುಮ್ಮನೆ ಕೂಗಿ ಮನೆಯವರ ನಿದ್ದೆ ಕೆಡಿಸುತ್ತಿತ್ತು. ಪ್ಲೇಟನ್ನು ಓರೆಯಾಗಿ ಇಟ್ಟರೆ ಇಬ್ಬನಿ ಇಳಿದು ಹೋಗುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ಏಪ್ರಿಲ್ ಕೊನೆಗೆ ಅವರು ಗುಂಪಿನಲ್ಲಿ ಒಂದು ಫೋಟೊ ಹಾಕಿ ಬರೆದರು: ‘ಹೊಸ ಪ್ಲೇಟು ಹಾಕಿ ಐದು ವಾರ ಆಯಿತು. ಇನ್ನೂ ಕಪ್ಪಾಗಿಲ್ಲ. ಮಳೆಗಾಲ ಕಳೆದ ಮೇಲೆ ಮತ್ತೆ ಹೇಳುತ್ತೇನೆ.’ ಹೊಗಳಿಕೆ ಎಂದರೆ ಇಷ್ಟೇ. ಅದನ್ನು ಓದಿ ಮುಂದಿನ ಹಂಗಾಮಿಗೆಂದು ಐದು ಮಂದಿ ಹೆಸರು ಬರೆಸಿದ್ದಾರೆ.

ಈಗ ಜುಲೈ. ಹೊರಗೆ ಬಿಡದೆ ಮಳೆ ಸುರಿಯುತ್ತಿದೆ. ಅಂಗಳದಲ್ಲಿ ಅಡಿಕೆಯಿಲ್ಲ, ನಮ್ಮ ಸೈರನ್ ಯಾರಿಗೂ ಬೇಡ. ಗುಂಪಿನಲ್ಲಿ ಕೊಳೆರೋಗದ್ದೇ ಮಾತು. ನಿನ್ನೆ ಒಬ್ಬರು, ಔಷಧಿ ಸಿಂಪಡಿಸುವ ಪಂಪಿನ ಮೋಟಾರು ಬಿಸಿಯಾಗಿ ನಿಂತುಬಿಡುತ್ತದೆ ಎಂದು ಬರೆದಿದ್ದರು. ನಾಳೆ ನನಗೆ ಇಂಟರ್ನಲ್ ಪರೀಕ್ಷೆ. ಆದರೂ ಯಾವ ಕಂಪನಿಯ ಮೋಟಾರು, ವಯರು ಎಷ್ಟು ಉದ್ದ ಎಂದು ಕೇಳಿ ಬರೆದಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.